‘ಸೋಡಾ’ ಅಂದದ್ದು ಯಾರಿಗೆ

ಬೆಳಗಿನ ಏಳು ಗಂಟೆ ಹದಿನೆಂಟು ನಿಮಿಷಕ್ಕೆ ನನ್ನ ಅಮ್ಮ ಒಂದು ಹಲಗೆಯ ಮೇಲೆ ಇದ್ದಳು. ಹಲಗೆಯ ಒಂದು ತುದಿ ಪಣಜಿಯಿಂದ ಬಂದ ಹಡಗಿಗೆ ಸೇರಿತ್ತು. ಇನ್ನೊಂದು ತುದಿ ಮುಂಬಯಿಯ ಭಾವೂಚಾ ಧಕ್ಕೆಯ ಕಲ್ಲಿನ ಮೇಲೆ ಇರಬೇಕಾಗಿತ್ತು, ಆ ಗಳಿಗೆಯವರೆಗೂ ಇತ್ತು. ಗಂಟೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ಬೇರೆ ಏನಲ್ಲ. ಹಲಗೆಗೆ ಕಾಲಿಡುವ ಮುಂಚೆ ಕೈಗಡಿಯಾರ ನೋಡಿದ್ದೆ. ಬೈಕುಲ್ಲಾಕ್ಕೆ ಇಷ್ಟು ಹೊತ್ತು, ಅಲ್ಲಿಂದ ಲೋಕಲ್ ಹಿಡಿದು ದಾದರ್, ದಾದರಿನ ಸೇತುವೆ ಹತ್ತಿಳಿದು ಇನ್ನೊಂದು ಲೋಕಲ್, ಕಾಂದಿವಲಿ ಸ್ಟೇಶನ್ನಿನಿಂದ ಆಫೀಸಿಗೆ ಓಟ. ಎಲ್ಲ ಕೂಡಿಸಿ, ಹತ್ತು ಗಂಟೆಯೊಳಗೆ ಮಸ್ಟರಿನಲ್ಲಿ ಸಹಿ ಹಾಕಬಹುದೆಂದು ಸಂತೋಷಪಟ್ಟಿದ್ದೆ. ಆ ಸಂತೋಷ ಸುಮಾರು ಆರು ಹೆಜ್ಜೆಯಷ್ಟು ಕಾಲ ಇತ್ತು.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಬಿ.ಎ. ಮುಗಿಸಿ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಂಪನಿಯಲ್ಲಿ ಕ್ಲಾರ್ಕ್ ಆಗಿದ್ದೆ. ಔಷಧದ ಬಾಟಲಿಗಳಿಗೆ ಮುಚ್ಚಳ ಮಾಡುವ ಕಂಪನಿ. ಬಾಟಲಿ ಬೇರೆ ಯಾರೋ ಮಾಡುತ್ತಿದ್ದರು, ಔಷಧ ಇನ್ಯಾರೋ. ನಮ್ಮದು ಮುಚ್ಚಳ ಮಾತ್ರ. ಆ ಮುಚ್ಚಳದ ಕೆಲಸವೂ ನನಗೆ ಇನ್ನೂ ಖಾಯಂ ಆಗಿರಲಿಲ್ಲ. ಅಮ್ಮನನ್ನು ಕರೆತರಲು ರಜೆ ಬೇಕೆಂದರೆ ಯಾರೂ ಕೊಡುತ್ತಿರಲಿಲ್ಲವಾದ್ದರಿಂದ ಜ್ವರವೆಂದು ಚೀಟಿ ಕಳಿಸಿ ಊರಿಗೆ ಹೋಗಿದ್ದೆ. ಕ್ಲಾರ್ಕುಗಳ ಜ್ವರಕ್ಕೂ ಒಂದು ಮಿತಿ ಇರುತ್ತದೆ. ನನ್ನದು ಆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಿಡಬೇಕಾಗಿತ್ತು.

ನಾನಿದ್ದದ್ದು ದಹಿಸರಿನ ಒಂದು ಚಾಳಿನಲ್ಲಿ, ಅಣ್ಣ ಅತ್ತಿಗೆಯರ ಜೊತೆ. ಅಣ್ಣ ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಕುಂದಾಪುರಕ್ಕೆ ಹೋಗಿ ಅಮ್ಮನನ್ನು ಕರೆತರಬೇಕಾದವನು ಅವನೇ. ಆದರೆ ಹೋಟೆಲಿನ ಅಡುಗೆ ಭಟ್ಟರು ಮದುವೆಗೆಂದು ಊರಿಗೆ ಹೋದವರು, ಅದು ತಮ್ಮದೇ ಮದುವೆಯಾದ್ದರಿಂದ, ಬೇಗ ಬರುವ ಲಕ್ಷಣ ಇರಲಿಲ್ಲ. ಮ್ಯಾನೇಜರೇ ವಡೆಯ ಬಾಣಲೆಯ ಮುಂದೆ ನಿಂತಿದ್ದ. ಅಪ್ಪನನ್ನೂ ಕರೆದಿದ್ದೆವು. ಚಾಳಿನಲ್ಲಿ ಕಕ್ಕಸು ಎಲ್ಲಿದೆಯೆಂದು ಅವರು ಕೇಳಿದರು. ಹೇಳಿದೆ. ಎಷ್ಟು ಮನೆಗೆ ಎಂದು ಕೇಳಿದರು. ಅದನ್ನೂ ಹೇಳಿದೆ. ಮಳೆಗಾಲಕ್ಕೆ ನಾನು ನಿನ್ನ ಅಕ್ಕನ ಮನೆಯಲ್ಲಿ ಉಂಡುಕೊಂಡು ಇರುತ್ತೇನೆ, ನೀವು ಹೋಗಿ ಬನ್ನಿ ಎಂದರು.

ಅಮ್ಮನಿಗೆ ಘಾಟಿಯ ಬಸ್ಸು ಆಗುವುದಿಲ್ಲ, ವಾಂತಿ. ಅದಕ್ಕೇ ಪಣಜಿಯವರೆಗೆ ಕರಾವಳಿಯ ಬಸ್ಸು, ಮುಂದೆ ಹಡಗು ಎಂದು ನಾನು ಓದಿದವಳ ಬುದ್ಧಿ ಖರ್ಚುಮಾಡಿ ಯೋಜನೆ ಹಾಕಿದ್ದೆ. ಕರಾವಳಿಯ ಬಸ್ಸೂ ಆಗುವುದಿಲ್ಲವೆಂದು ಭಟ್ಕಳದಲ್ಲಿ ಗೊತ್ತಾಯಿತು. ಅಲ್ಲಿಂದ ಮುಂದೆ ಪ್ರತಿಯೊಂದು ಬಸ್‌ಸ್ಟ್ಯಾಂಡಿನಲ್ಲೂ ಕಿಟಕಿಯ ಕೆಳಗೆ ಗೋಲಿಸೋಡಾ ಮಾರುವವರು ಬಾಟಲಿಗಳ ಮೇಲೆ ಓಪನರನ್ನು ಟರ್‍ರೆಂದು ಎಳೆದು ‘ಸೋಡಾ ಸೋಡಾ’ ಎಂದು ಕೂಗುವುದು, ಅಮ್ಮ ಒಂದು ಕುಡಿಯುವುದು, ಬಸ್ಸು ಹೊರಡುವುದು, ಕುಡಿದದ್ದು ಹೊರಗೆ ಬರುವುದು. ಕಾರವಾರ ದಾಟುವ ಹೊತ್ತಿಗೆ ಅವಳು ಆ ಶಬ್ದ ಕೇಳಿದರೆ ಸಾಕು, ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಸಾಮಾನು ಹೆಚ್ಚೇನಿರಲಿಲ್ಲ. ಒಂದು ತಗಡಿನ ಟ್ರಂಕು, ಒಂದು ಭರಣಿ. ಟ್ರಂಕಿನ ವಿಷಯ ಹೇಳುವಂಥದ್ದೇನಿಲ್ಲ. ಭರಣಿಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ. ಮೇಲರ್ಧ ಕಂದು, ಕೆಳಗರ್ಧ ಬಿಳಿ. ಬಾಯಿಗೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಬಾಳೆನಾರು ಬಿಗಿದದ್ದು. ಒಂದು ವರ್ಷದ ಮಗುವಿನಷ್ಟು ಗಾತ್ರ. ಅಮ್ಮ ಅದನ್ನು ಮಗುವಿನ ಹಾಗೆಯೇ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಮೈಲಿಗೆ ಕೈ ಸೋಕಿದರೆ ಬೂಸಲು ಬರುತ್ತದೆ. ಮೈಲಿಗೆಯ ನಿಯಮಗಳು ಹೇಗೆ ಕೆಲಸ ಮಾಡುತ್ತವೆಯೆಂದು ನನಗೆ ಬಿ.ಎ.ಯಲ್ಲಿ ಹೇಳಿಕೊಟ್ಟಿರಲಿಲ್ಲ. ಏಕೆಂದರೆ ಇದೇ ಭರಣಿ ಕುಂದಾಪುರದಿಂದ ಪಣಜಿಯವರೆಗೆ ಬಸ್ಸಿನ ಸೀಟಿನ ಕೆಳಗೆ, ಎರಡು ಕೋಳಿಗಳ ಪಕ್ಕದಲ್ಲಿ ಬಂದಿತ್ತು. ಕೋಳಿ ಪರವಾಗಿಲ್ಲ, ಹಮಾಲ ಆಗುವುದಿಲ್ಲ.

ಹಡಗಿನ ಡೆಕ್ಕಿನಲ್ಲಿ ಚಾದರ ಹಾಸಿದವರದ್ದೇ ಜಾಗ. ರತ್ನಾಗಿರಿಯಲ್ಲಿ ದೋಣಿಯಿಂದ ಹತ್ತಿ ಬಂದ ಒಬ್ಬ ಮುದುಕ ತನ್ನ ಮಾವಿನಹಣ್ಣಿನ ಪೆಟ್ಟಿಗೆಯನ್ನು ನಮ್ಮ ಚಾದರದ ಅಂಚಿಗೆ ಇಟ್ಟ. ಅಮ್ಮ ಭರಣಿಯನ್ನು ಒಂದು ಗೇಣು ಈಚೆಗೆ ಎಳೆದುಕೊಂಡಳು. ಅವನು ಪೆಟ್ಟಿಗೆಯನ್ನು ಒಂದು ಗೇಣು ಮುಂದಕ್ಕೆ ತಂದ. ಮುಂಬಯಿ ಬರುವ ತನಕ ಅವರಿಬ್ಬರೂ, ಒಬ್ಬರಿಗೊಬ್ಬರ ಭಾಷೆ ಬಾರದಿದ್ದರೂ, ಹೀಗೆಯೇ ಮಾತಾಡಿಕೊಂಡರು.

ಬೆಳಿಗ್ಗೆ ಹಡಗು ಧಕ್ಕೆಗೆ ತಾಗುವಾಗ ಕೆಳಗೆ ಹಮಾಲರು ಸಾಲಾಗಿ ನಿಂತದ್ದು ಕಾಣಿಸಿತು. ಅವರು ಹತ್ತಿ ಬಂದ ಮೇಲೆ ಯಾವುದು ಯಾರ ಸಾಮಾನೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಹಡಗಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಸಾಮಾನು ತಾವೇ ಹೊತ್ತುಕೊಳ್ಳುವವರು ಮೊದಲು ಇಳಿದುಬಿಡಬೇಕು. ಹಮಾಲರು ಬೇಕಾದವರು ಕೂತಿರಬೇಕು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ ಒಬ್ಬ ಸಾಹೇಬ ಮುಂದಿನ ಬಾಗಿಲಲ್ಲಿ ನಿಂತು ಆರಿಸುತ್ತಿದ್ದ. ನಮ್ಮ ಟ್ರಂಕನ್ನು ನೋಡಿ, “ಯೇ ಕೌನ್ ಉಠಾಯೇಗಾ?” ಎಂದ.

“ಮೈ,” ಎಂದೆ.

“ಏಕ್ ಹಾಥ್ ಸೇ?”

ಒಂದೇ ಕೈಯಲ್ಲಿ ಎತ್ತಿ ತೋರಿಸಿದೆ. ನಗುತ್ತಾ ಎತ್ತಿದೆ. ಭುಜದಲ್ಲಿ ಏನೋ ಕಟಕ್ಕೆಂದಿತು, ಆದರೂ ನಗು ಬಿಡಲಿಲ್ಲ. ಅವನು ಅಮ್ಮನ ಸೊಂಟದ ಮೇಲಿದ್ದದ್ದನ್ನು ನೋಡಿ, ಮಗುವೆಂದೇ ತಿಳಿದನೋ ಏನೋ, ತಲೆಯಾಡಿಸಿ ಬಿಟ್ಟ. ಆ ಮಾವಿನ ಮುದುಕನೂ ತನ್ನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನಮ್ಮ ಹಿಂದೆ ಬಂದ.

ಅಮ್ಮ ಹಲಗೆಯನ್ನು ನೋಡಿ ನಿಂತಳು. “ಎಲ್ರೂ ಇಳಿಲಿ ಹೆಣೆ. ಎಂತ ಅವಸರ? ಕಡೆಗೆ ಹೋಪ.”

“ನಂಗೆ ಆಫೀಸಿದೆ ಅಮ್ಮ. ಬಾ.”

ಇದನ್ನು ನಾನೇ ಹೇಳಿದ್ದು. ಬರೆದಿಡುತ್ತೇನೆ.

ಹಲಗೆ ಎಂದರೆ ಕಾಲು ಜಾರದಂತೆ ಅಡ್ಡಪಟ್ಟಿ ಹೊಡೆದ ಉದ್ದನೆಯ ಮರ. ಇಳಿಯುವಾಗ ಬಲಗಡೆಗೆ ಮಾತ್ರ ಒಂದು ಹಗ್ಗ. ನಾನು ಮುಂದೆ. ಬಲಗೈಯಲ್ಲಿ ಟ್ರಂಕು, ಎಡಗೈಯನ್ನು ಹಿಂದಕ್ಕೆ ಚಾಚಿ ಅಮ್ಮನ ಬಲಗೈ ಮಣಿಕಟ್ಟನ್ನು ಹಿಡಿದಿದ್ದೆ. ಅವಳ ಎಡಗೈ ಭರಣಿಯ ಸುತ್ತ. ಅವಳ ಹಿಂದೆ ಮುದುಕ. ಆರು ಹೆಜ್ಜೆ ಇಳಿದಿದ್ದೆವು. ಆಗ ಒಂದು ಮೀನುಗಾರರ ಲಾಂಚು ನಮ್ಮ ಪಕ್ಕದಲ್ಲೇ, ಮದುವೆಗೆ ತಡವಾದವರ ಹಾಗೆ ಜೋರಾಗಿ ಹೋಯಿತು. ಅದರ ಅಲೆಗೆ ಹಡಗು ಎದ್ದು, ಧಕ್ಕೆಯಿಂದ ಆಚೆಗೆ ಸರಿಯತೊಡಗಿತು. ಹಡಗಿನ ಜೊತೆ ಹಲಗೆಯೂ. ಕೆಳಗಿನ ತುದಿ ಕಲ್ಲಿನ ಮೇಲೆ ಗರ್‍ರೆಂದು ಎಳೆಯುವ ಸದ್ದು ಪಾದಕ್ಕೆ ಕೇಳಿಸಿತು. ಕಿವಿಗಲ್ಲ, ಪಾದಕ್ಕೆ.

ಧಕ್ಕೆಯ ಮೇಲೆ ನಿಂತಿದ್ದ, ಹಡಗಿನ ಕೆಲಸದ ಒಬ್ಬ ಖಲಾಸಿ ನಮ್ಮ ಕಡೆ ಎರಡೂ ಕೈ ಎತ್ತಿ ಕೂಗಿದ: “ಸೋಡಾ! ಸೋಡಾ!”

ನನಗೆ ಮರಾಠಿ ಬರುತ್ತದೆ. ಸೋಡಾ ಎಂದರೆ ಬಿಡಿ ಎಂದು ಅರ್ಥ. ಬಿಟ್ಟೆ.

ಬಿಟ್ಟದ್ದು ಅಮ್ಮನ ಕೈ. ಟ್ರಂಕು ಬಿಡಲಿಲ್ಲ. ಎರಡು ಹಾರು ಹಾರಿ ತುದಿಗೆ ಬಂದೆ. ಖಲಾಸಿ ಟ್ರಂಕನ್ನು ಹಿಡಿದು ಎಳೆದ, ಅದರ ಜೊತೆ ನಾನೂ ಕಲ್ಲಿನ ಮೇಲೆ ಬಂದು ಬಿದ್ದೆ. ತಿರುಗಿ ನೋಡುವಾಗ ಹಲಗೆಯ ತುದಿ ಕಲ್ಲಿನಿಂದ ಜಾರಿಹೋಗಿತ್ತು. ಹಡಗು ಉಜ್ಜದಿರಲೆಂದು ಧಕ್ಕೆಗೆ ಲಾರಿಯ ಹಳೆ ಟೈರುಗಳನ್ನು ಕಟ್ಟಿರುತ್ತಾರಲ್ಲ, ಅಂಥದೊಂದು ಟೈರಿನೊಳಗೆ ಸಿಕ್ಕಿಕೊಂಡು ನಿಂತಿತ್ತು. ಹಡಗಿಗೂ ಕಲ್ಲಿಗೂ ನಡುವೆ ಒಂದು ಮಂಚದಷ್ಟು ಅಗಲ ಹಸಿರು ನೀರು. ನೀರಿನಲ್ಲಿ ತೆಂಗಿನ ಸಿಪ್ಪೆ, ಒಂದು ಚಪ್ಪಲಿ. ಹೋದ ಹಡಗು ವಾಪಸು ಬರುತ್ತದೆ. ಬರುವಾಗ ಆ ನೀರಿರುವ ಜಾಗ ಇರುವುದಿಲ್ಲ. ನೀರಿಗೆ ಬಿದ್ದವರೂ ಇರುವುದಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ಅಮ್ಮ ಕುಳಿತುಬಿಟ್ಟಿದ್ದಳು. ಪಂಕ್ತಿಗೆ ಕೂರುವ ಹಾಗೆ ಹಲಗೆಯ ಮೇಲೆ ಕಾಲು ಮಡಿಸಿ, ಭರಣಿಯನ್ನು ಮಡಿಲಿಗೆ ಇಟ್ಟುಕೊಂಡು, ಬಲಗೈಯಲ್ಲಿ ಹಗ್ಗ ಹಿಡಿದಿದ್ದಳು. ಹಿಂದೆ ಮುದುಕ ಮಾವಿನ ಪೆಟ್ಟಿಗೆಯನ್ನು ಎಲ್ಲಿಗೋ ಎಸೆದು, ಬೋರಲಾಗಿ ಮಲಗಿ, ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಖಲಾಸಿ ಇನ್ನೂ ಕೂಗುತ್ತಲೇ ಇದ್ದ. ಅಮ್ಮ ನನ್ನನ್ನು ನೋಡಿ, ಬೇಸರದ ಸ್ವರದಲ್ಲಿ ಹೇಳಿದಳು:

“ಹೆಣೆ, ಸೋಡಾ ಬ್ಯಾಡ ಅಂತ ಹೇಳ್ ಅವ್ನಿಗೆ.”

ಇಪ್ಪತ್ತು ಎಣಿಸುವಷ್ಟು ಹೊತ್ತು ಆಗಿರಬಹುದು. ಹಡಗು ಮೆಲ್ಲಗೆ ಹಿಂದಕ್ಕೆ ಬಂತು. ಟೈರು ಅಪ್ಪಚ್ಚಿಯಾಗಿ ನರಳಿತು, ಹಲಗೆ ಎದ್ದು ಮತ್ತೆ ಕಲ್ಲಿನ ಮೇಲೆ ಹತ್ತಿತು. ಖಲಾಸಿ ಅಮ್ಮನ ಎರಡೂ ರಟ್ಟೆ ಹಿಡಿದು, ಭರಣಿಯನ್ನೂ ಸೇರಿಸಿ ಎತ್ತಿ, ನೆಲಕ್ಕೆ ಇಳಿಸಿದ. ಅಮ್ಮ ಅವನಿಗೆ ಹೇಳಿದ ಮೊದಲ ಮಾತು, “ಮುಟ್ಬ್ಯಾಡ ಮಾರಾಯ, ಉಪ್ಪಿನಕಾಯಿ ಅದು.” ಅವನಿಗೆ ಕನ್ನಡ ಬಾರದ್ದು ಒಳ್ಳೆಯದಾಯಿತು.

ಅಷ್ಟರಲ್ಲಿ ಅಣ್ಣ ಮೈಯೆಲ್ಲ ವಡೆಯ ಎಣ್ಣೆಯ ವಾಸನೆ ಹೊತ್ತು ಓಡಿ ಬಂದ. “ಟ್ಯಾಕ್ಸಿ ವೇಟಿಂಗಲ್ಲಿ ಉಂಟು. ನೀವು ಇಷ್ಟು ಬೇಗ ಹೇಗೆ ಇಳಿದಿರಿ?” ಎಂದ. ಅಮ್ಮನನ್ನು ಅವನಿಗೆ ಒಪ್ಪಿಸಿ, ನಾನು ಬೈಕುಲ್ಲಾ ಸ್ಟೇಶನ್ನಿಗೆ ಹೋದೆ.

ಹೌದು, ಆಫೀಸಿಗೆ ಹೋದೆ. ಹತ್ತಕ್ಕೆ ಎರಡು ನಿಮಿಷ ಇರುವಾಗ ಸಹಿ ಹಾಕಿದೆ. ನಮ್ಮ ಹೆಡ್‌ಕ್ಲಾರ್ಕು ನನ್ನ ಮುಖ ನೋಡಿ, “ಇನ್ನೂ ಜ್ವರ ಬಿಟ್ಟ ಹಾಗಿಲ್ಲ, ಯಾಕೆ ಬಂದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಗಡಗಡ ನಡುಗುತ್ತಿದ್ದೆ. ಆರು ತಿಂಗಳ ನೌಕರಿಯಲ್ಲಿ ಅವರಿಗೆ ನನ್ನ ಪ್ರಾಮಾಣಿಕತೆಯ ಮೇಲೆ ನಂಬಿಕೆ ಬಂದದ್ದು ಅವತ್ತೇ.

ಸಾಯಂಕಾಲ ದಹಿಸರಿಗೆ ಬರುವಾಗ ಚಾಳಿನ ಉದ್ದದ ವರಾಂಡದಲ್ಲಿ ಅಮ್ಮನ ಸುತ್ತ ಆರೇಳು ಹೆಂಗಸರು ಕುಳಿತಿದ್ದರು. ಅಮ್ಮನಿಗೆ ಬರುತ್ತಿದ್ದದ್ದು ಕುಂದಾಪುರದ ಕನ್ನಡ ಒಂದೇ. ಕೇಳುವವರಲ್ಲಿ ಇಬ್ಬರು ವಿಜಾಪುರದವರು, ಉಳಿದವರು ಮರಾಠಿಯವರು. ಆದರೂ ಎಲ್ಲರೂ ನಗುತ್ತಿದ್ದರು. “ನಂಗೆ ಜೀವ ಹೋಪುಕೆ ಆಯ್ತ್, ಅಂವ ಸೋಡಾ ಬೇಕಾ ಸೋಡಾ ಬೇಕಾ ಅಂತ ಕೇಂತ,” ಎಂದು ಅಮ್ಮ ಖಲಾಸಿಯ ಹಾಗೆ ಎರಡು ಕೈ ಎತ್ತಿ ತೋರಿಸುತ್ತಿದ್ದಳು.

“ನಿಮ್ಮ ಮಗಳು ಎಲ್ಲಿದ್ಳರಿ ಆಗ?” ಎಂದು ವಿಜಾಪುರದ ಒಬ್ಬಾಕೆ ಕೇಳಿದಳು.

“ಅವ್ಳು ಹಾರಿ ಹೋಯಿ ಜನ ಕರ್ದಳಲ್ದಾ. ಅವ್ಳಿಲ್ದಿದ್ರೆ ನಾನ್ ಇವತ್ತ್ ಇಲ್ಲೆ.”

“ಭಾಳ ಧೈರ್ಯದಾಕಿ ಬಿಡ್ರಿ,” ಎಂದು ಆಕೆ ನನ್ನ ಬೆನ್ನು ತಟ್ಟಿದಳು. ನಾನು ಒಳಗೆ ಹೋಗಿ ಕೈಕಾಲು ತೊಳೆದುಕೊಂಡೆ. ಎಡಗೈಯನ್ನು ಎರಡು ಸಲ ತೊಳೆದೆ.

ಆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅಣ್ಣನ ಹೋಟೆಲಿಗೆ ಹೋಯಿತು. ಅಲ್ಲಿ ಮಾಣಿಗಳು ಪರಸ್ಪರ ‘ಸೋಡಾ ಬ್ಯಾಡ ಅಂತ ಹೇಳ್ ಅವ್ನಿಗೆ’ ಎಂದು ಗಿರಾಕಿಗಳ ಎದುರೇ ಹೇಳಿಕೊಂಡು ನಗಲಾರಂಭಿಸಿದರು. ವಾರ ಕಳೆದಂತೆ ಕಥೆಯಲ್ಲಿ ಹಡಗು ದೊಡ್ಡದಾಯಿತು, ನೀರು ಅಗಲವಾಯಿತು, ನಾನು ಹಾರಿದ ದೂರವೂ ಹೆಚ್ಚಾಯಿತು. ಒಮ್ಮೆ ಅಣ್ಣ ಯಾರಿಗೋ, “ನಮ್ಮ ತಂಗಿ ಟ್ರಂಕ್ ಹಿಡ್ಕೊಂಡೇ ಹದಿನೈದು ಫೂಟ್ ಜಂಪ್ ಮಾಡಿದ್ದಾಳೆ ಮಾರಾಯ್ರೆ,” ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಟ್ರಂಕಿನ ಮಾತು ಬಂದ ಕೂಡಲೇ ನಾನು ಎದ್ದು ಹೊರಗೆ ಹೋದೆ.

ನಿದ್ದೆ ಬರುತ್ತಿರಲಿಲ್ಲ. ಬಂದರೂ ಅರ್ಧಕ್ಕೆ ಬಿಟ್ಟುಹೋಗುತ್ತಿತ್ತು. ಎಚ್ಚರವಾದಾಗ ಎಡಗೈ ತೆರೆದುಕೊಂಡಿರುತ್ತಿತ್ತು. ಅದನ್ನು ಮುಷ್ಟಿ ಮಾಡಿ ಪಕ್ಕದಲ್ಲಿ ಒತ್ತಿಕೊಂಡು ಮಲಗಿದೆ; ಮುಷ್ಟಿಯೇ ಎಬ್ಬಿಸಿತು. ಲೋಕಲಿನಲ್ಲಿ ಹಿಡಿಕೆಯನ್ನು ಎಡಗೈಯಲ್ಲೇ ಹಿಡಿಯುತ್ತಿದ್ದೆ, ದಹಿಸರಿನಿಂದ ಕಾಂದಿವಲಿ ಎರಡೇ ಸ್ಟೇಶನ್ನಾದರೂ ಬೆರಳು ಬಿಳಿಚಿಕೊಳ್ಳುವಷ್ಟು. ಒಮ್ಮೆ ಇಳಿಯುವಾಗ ಬಿಡಲು ಮರೆತು ಮಾಲಾಡಿಗೆ ಹೋದೆ. ತಿಂಗಳು ಕಳೆಯುವಷ್ಟರಲ್ಲಿ ನಾನು ತೆಳ್ಳಗಾದೆ. ಅತ್ತಿಗೆ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, “ಯಾರು ಹುಡುಗ, ನಮ್ಮವರಾ?” ಎಂದು ಕೇಳಿದಳು. ಯಾರೂ ಇಲ್ಲವೆಂದೆ. “ಹಾಗಾದರೆ ನಮ್ಮವರಲ್ಲ,” ಎಂದು ನಿಟ್ಟುಸಿರು ಬಿಟ್ಟಳು. ಡಾಕ್ಟರು ಗ್ಯಾಸು ಎಂದರು. ಅಮ್ಮ ಉಪ್ಪು ಮೆಣಸಿನಿಂದ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಅದು ಸೀಮೆಎಣ್ಣೆಯ ಸ್ಟೌ ಆದ್ದರಿಂದ ದೃಷ್ಟಿ ಸುಡಲಿಲ್ಲ, ಸ್ಟೌ ಆರಿತು. ಚಾಳಿನವರೆಲ್ಲ ಕೆಮ್ಮಿದರು.

ನನಗೆ ಇದ್ದ ಒಂದೇ ಸಮಾಧಾನವೆಂದರೆ, ಖಲಾಸಿ ಬಿಡು ಎಂದದ್ದಕ್ಕೆ ಬಿಟ್ಟೆ ಎಂಬುದು. ಗೊತ್ತಿದ್ದವನೇ ಹೇಳಿರುತ್ತಾನೆ. ಅವನಿಗೆ ಹಲಗೆಯ ವಿಷಯ ಗೊತ್ತು, ಇಬ್ಬರು ಕೈ ಕೈ ಹಿಡಿದುಕೊಂಡರೆ ಇಬ್ಬರೂ ಬೀಳುತ್ತಾರೆಂದು ಲೆಕ್ಕ ಹಾಕಿ ಕೂಗಿದ್ದಾನೆ. ಆದರೆ ಅವನು ಬಿಡಲು ಹೇಳಿದ್ದು ಕೈಯನ್ನೋ ಟ್ರಂಕನ್ನೋ? ಇದನ್ನು ತಿಳಿಯದೆ ಬದುಕುವುದಕ್ಕೆ ಆಗುವುದಿಲ್ಲವೆನಿಸಿತು. ಜುಲೈ ತಿಂಗಳ ಒಂದು ಭಾನುವಾರ ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಭಾವೂಚಾ ಧಕ್ಕೆಗೆ ಹೋದೆ.

ಮಳೆಗಾಲದಲ್ಲಿ ಪಣಜಿಯ ಹಡಗು ಓಡುವುದಿಲ್ಲ. ಧಕ್ಕೆಯಲ್ಲಿ ಮೀನಿನ ಬುಟ್ಟಿಗಳು, ನೆನೆದ ನಾಯಿಗಳು. ಖಲಾಸಿ ಒಂದು ಶೆಡ್ಡಿನ ಕೆಳಗೆ ಕುಳಿತು ಹಲಗೆಗೆ ಡಾಂಬರು ಬಳಿಯುತ್ತಿದ್ದ. ಅವನಿಗೆ ನನ್ನ ಮುಖ ನೆನಪಿರಲಿಲ್ಲ. ಹಲಗೆ ಜಾರಿದ್ದೂ ನೆನಪಿರಲಿಲ್ಲ. ಅದು ಜಾರುತ್ತಲೇ ಇರುತ್ತದಂತೆ. ಭರಣಿ ಎಂದ ಕೂಡಲೇ ನೆನಪಾಯಿತು. ಮರಾಠಿಯಲ್ಲಿ ಅದಕ್ಕೆ ಬರಣಿ ಎನ್ನುತ್ತಾರೆ. “ಆ ಮುದುಕಿ ನನಗೆ ಬೈದಳು,” ಎಂದು ನಕ್ಕ. “ಉಪ್ಪಿನಕಾಯಿಯ ವಾಸನೆ ಬರುತ್ತಿತ್ತು. ಹೇಗಿತ್ತು ಅದು?”

ಚೆನ್ನಾಗಿದೆ ಎಂದೆ. ಬೂಸಲು ಬಂದಿರಲಿಲ್ಲ. ಅವನ ಎರಡೂ ಕೈ ಸೋಕಿದ್ದರೂ ಬಂದಿರಲಿಲ್ಲ. ನಂತರ ಕೇಳಿದೆ: ನೀವು ಸೋಡಾ ಅಂತ ಕೂಗಿದಿರಲ್ಲ, ನಾನು ಏನನ್ನು ಬಿಡಬೇಕಾಗಿತ್ತು?

ಅವನು ಕುಂಚ ಕೆಳಗಿಟ್ಟ.

“ತುಮ್ಹಾಲಾ ನಾಯ್ ಹೋ ಬಾಯಿ. ವರ್ತಿ ತಿಘ ಜಣ ಹೋತೆ ದೋರಾವರ್, ತ್ಯಾಂನಾ.”

ನಿಮಗೆ ಹೇಳಿದ್ದಲ್ಲ ತಾಯಿ, ಮೇಲೆ ಹಡಗಿನಲ್ಲಿ ಮೂರು ಜನ ಹಡಗನ್ನು ಧಕ್ಕೆಗೆ ಕಟ್ಟುವ ಹಗ್ಗ ಹಿಡಿದು ನಿಂತಿದ್ದರು, ಅವರಿಗೆ. ಹಗ್ಗ ಬಿಗಿ ಇದ್ದರೆ ಹಡಗು ಓರೆಯಾಗುತ್ತದೆ, ಹಲಗೆ ಜಾರುತ್ತದೆ. ಹಗ್ಗ ಸಡಿಲ ಬಿಡಿ ಎಂದು ಕೂಗಿದ್ದು. ನಿಮಗೆ ನಾನೇಕೆ ಹೇಳಲಿ, ನೀವೇನು ಹಡಗು ಕಟ್ಟಿದ್ದೀರಾ?

ಮರಾಠಿಯಲ್ಲಿ ಒಬ್ಬನಿಗೆ ಸಲಿಗೆಯಲ್ಲಿ ಹೇಳುವಾಗ ಸೋಡ್ ಎನ್ನುತ್ತಾರೆ. ಸೋಡಾ ಎಂದರೆ ಗೌರವ, ಇಲ್ಲವೇ ಬಹುವಚನ. ನಾನು ಪದವೀಧರೆ. ಟ್ರಂಕು ಹಿಡಿದು, ಕೈಗಡಿಯಾರ ಕಟ್ಟಿಕೊಂಡು ಇಳಿಯುತ್ತಿದ್ದ ನನಗೆ ಯಾರಾದರೂ ಕೂಗಿ ಹೇಳಿದರೆ ಅದು ಗೌರವವೇ ಆಗಿರಬೇಕೆಂದು ತಿಳಿದಿದ್ದೆ. ಅದು ಬಹುವಚನವಾಗಿತ್ತು. ಮೂರು ಜನ ಖಲಾಸಿಗಳಿಗೆ ಹೇಳಿದ್ದನ್ನು ನಾನು ತೆಗೆದುಕೊಂಡು ಅಮ್ಮನ ಕೈ ಬಿಟ್ಟಿದ್ದೆ. ಏನೂ ಓದದ ಅಮ್ಮ ಅದನ್ನು ಕುಡಿಯುವ ಸೋಡಾ ಎಂದುಕೊಂಡು ಬೇಡವೆಂದಳು. ಇಬ್ಬರ ತಪ್ಪಿನಲ್ಲಿ ಅವಳ ತಪ್ಪೇ ಮೇಲು. ಧಕ್ಕೆಯಿಂದ ಬೈಕುಲ್ಲಾದವರೆಗೆ ಮಳೆಯಲ್ಲಿ ನಡೆ‍ದೇ ಹೋದೆ. ಅದರ ನಂತರ ಇದ್ದ ಒಂದು ತುಂಡು ನಿದ್ದೆಯೂ ಹೋಯಿತು.

ನವರಾತ್ರಿ ಮುಗಿಯಿತು. ಹಡಗು ಮತ್ತೆ ಓಡಲಾರಂಭಿಸಿತು. ಅಪ್ಪ ಅಕ್ಕನ ಮನೆಯ ಊಟ ಸಾಕಾಯಿತೆಂದು ಕಾಗದ ಬರೆದರು. ಬಸ್ಸಿನಲ್ಲಿ ಕಳಿಸೋಣವೆಂದು ನಾನು ಎಷ್ಟು ಹೇಳಿದರೂ ಅಮ್ಮ ಕೇಳಲಿಲ್ಲ. ಹಡಗಿನಲ್ಲಿ ಒಂದು ಸಲವೂ ವಾಂತಿಯಾಗಲಿಲ್ಲ, ಅದೇ ಆಗಬೇಕು ಎಂದಳು. ಅಣ್ಣ ದೋಸೆ ಮುರಿಯುತ್ತಾ, “ತಂಗಿ ಹೋಗಲಿ ಜೊತೆಗೆ. ಅವಳಿಗೆ ಎಕ್ಸ್‌ಪೀರಿಯನ್ಸ್ ಉಂಟು,” ಎಂದ. ಅತ್ತಿಗೆ ನಕ್ಕಳು. ನಾನು ನಗುವ ಪ್ರಯತ್ನ ಮಾಡಿದೆ.

ಅದು ಭಾನುವಾರ. ಮಧ್ಯಾಹ್ನ ಅಣ್ಣ ಅತ್ತಿಗೆ ಪೇಟೆಗೆ ಹೋಗಿದ್ದರು. ಅಮ್ಮ ವರಾಂಡದಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ನಾನು ಎದುರಿಗೆ ಕುಳಿತೆ.

“ಅಮ್ಮ, ನಾನು ನಿನ್ನೊಟ್ಟಿಗೆ ಹಡಗಲ್ಲಿ ಬರುದಿಲ್ಲ.”

“ಎಂತಕ್ಕೆ, ರಜೆ ಇಲ್ಯಾ? ಈ ಸಲಿ ಕಾಲ್ ಮುರೀತ್ ಅಂತ ಚೀಟಿ ಕಳ್ಸು.”

“ರಜೆ ವಿಷಯ ಅಲ್ಲ. ಅವತ್ತು ಹಲಗೆ ಮೇಲೆ ನಾನು ನಿನ್ನ ಕೈ ಬಿಟ್ಟೆ.”

ಅಮ್ಮ ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಕಲ್ಲು ಹೆಕ್ಕಿ ಎಸೆದಳು. “ಹೌದು. ಬಿಟ್ಟೆ.”

“ನಿಂಗೆ ಗೊತ್ತಿತ್ತಾ?”

“ಕೈ ನಂದಲ್ದಾ. ನಂಗೆ ಗೊತ್ತಾಗ್ದೆ ಪಕ್ಕದ್ಮನೆಯವ್ರಿಗೆ ಗೊತ್ತಾತ್ತಾ?”

“ಮತ್ತೆ ಎಲ್ರ ಹತ್ರ, ಅವ್ಳು ಹಾರಿ ಜನ ಕರೆದ್ಳು ಅಂತ ಹೇಳಿದ್ದೆ?”

“ಹಾರಿದ್ದು ಹೌದಲ್ದಾ. ಹಾರಿದ್ ಹೇಳ್ದೆ. ಬಿಟ್ಟದ್ದೆಲ್ಲ ಎಂತಕ್ಕೆ ಹೇಳುದು, ನಿನ್ ಮದ್ವೆ ಆಯ್ಕಲ್ದಾ.”

ನನ್ನ ಕಣ್ಣಿನಲ್ಲಿ ನೀರು ತುಂಬಿಕೊಂಡಿತ್ತು. ಐದು ತಿಂಗಳು ಕಾಪಾಡಿಕೊಂಡು ಬಂದ ಪಾಪವನ್ನು ಇವಳು ಕಲ್ಲು ಹೆಕ್ಕಿದ ಹಾಗೆ ಹೆಕ್ಕಿ ಎಸೆಯುತ್ತಿದ್ದಾಳೆ. ನಾನು ಖಲಾಸಿಯನ್ನು ಕಂಡುಬಂದದ್ದು, ಬಹುವಚನದ ವಿಷಯ, ಎಲ್ಲ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು:

“ನಾನೇ ಎರಡ್ ಸಲಿ ಕೈ ಎಳ್ದೆ, ಬಿಡ್ ಅಂತ. ನೀ ಉಡ ಹಿಡ್ದಂಗೆ ಹಿಡ್ಕಂಡಿದ್ದೆ. ಕಡೆಗೆ ಬಿಟ್ಟೆ. ಬದ್ಕಿದೆ ಅಂತ ಆಯ್ತ್ ನಂಗೆ.”

“ಎಂತಕ್ಕೆ ಎಳ್ದದ್ದು?”

“ಹಗ್ಗ ಹಿಡೂಕೆ. ಒಂದ್ ಕೈಯಲ್ಲಿ ಭರಣಿ. ಇನ್ನೊಂದ್ ನಿನ್ ಹತ್ರ. ಹಗ್ಗ ಎಂತದ್ರಲ್ಲಿ ಹಿಡುದು, ಹಲ್ಲಲ್ಲಾ?”

ಮೆಲ್ಲಗೆ ಕೇಳಿದೆ: “ಭರಣಿ ಬಿಡ್ಲಕ್ಕಿತ್ತಲ್ಲ.”

ಈಗ ಮೊರ ನಿಂತಿತು. ಅಮ್ಮ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಐದು ತಿಂಗಳಲ್ಲಿ ಮೊದಲ ಬಾರಿಗೆ ನಾನು ಏನೋ ತಪ್ಪು ಮಾಡಿದ್ದೇನೆ ಎನ್ನುವ ಹಾಗೆ.

“ಭರಣಿ ಬಿಡುದಾ?”

“ಹೌದು. ಭರಣಿ ಬಿಟ್ಟು ನನ್ನ ಕೈ ಹಿಡ್ಕೊಳ್ಳಬಹುದಿತ್ತಲ್ಲ. ಅಂದ್ರೆ ನಿಂಗೆ ಮಗಳಿಗಿಂತ ಉಪ್ಪಿನಕಾಯಿ ದೊಡ್ಡದು.”

“ನಿಂಗೆ ಈಜು ಬತ್ತ್. ಭರಣಿಗೆ ಬತ್ತಿಲ್ಲೆ.”

“ನಡುವೆ ಸಿಕ್ಕಿ ಅಪ್ಪಚ್ಚಿ ಆಗುವವ್ರಿಗೆ ಈಜು ಬಂದು ಎಂತ ಪ್ರಯೋಜನ?”

“ನೀ ಟ್ರಂಕ್ ಬಿಟ್ಯಾ? ಇಲ್ಲೆ ಅಲ್ದಾ. ಅದ್ರಲ್ಲಿ ಎಂತ ಇದ್ದಿತ್ತ್, ನನ್ ಎರಡ್ ಹಳೆ ಸೀರೆ. ನನ್ ಭರಣಿಯಲ್ಲಿ ಇದ್ದದ್ದನ್ನ ನಿಮ್ಮಣ್ಣ ಇವತ್ತ್ ಬೆಳಿಗ್ಗೆಯೂ ದೋಸೆಗೆ ನೆಕ್ಕಿದ.”

ಅಲ್ಲಿಂದ ಜಗಳ ಹತ್ತಿತು. ಜೋರಾದ, ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುವಂಥ ಜಗಳ. ಸಣ್ಣವಳಿದ್ದಾಗ ಜಾತ್ರೆಯಲ್ಲಿ ನನ್ನನ್ನು ಬಳೆ ಅಂಗಡಿಯಲ್ಲಿ ಮರೆತು ಬಂದದ್ದನ್ನು ನಾನು ಎತ್ತಿದೆ. ಹೈಸ್ಕೂಲಿನಲ್ಲಿ ನಾನು ಅವಳ ಹೆಸರಿನಲ್ಲಿ ಕಳ್ಳ ಸಹಿ ಹಾಕಿದ್ದನ್ನು ಅವಳು ಎತ್ತಿದಳು. ವಿಜಾಪುರದಾಕೆ, “ಏನ್ರಿ ಇದು, ಜೀವ ಉಳಿಸಿದ ಮಗಳ ಜೋಡಿ,” ಎಂದು ಬಿಡಿಸಲು ಬಂದಳು. ಇಬ್ಬರೂ ಒಟ್ಟಿಗೆ ಅವಳಿಗೆ ನೀನು ಸುಮ್ಮನಿರು ಎಂದೆವು. ಅಣ್ಣ ಅತ್ತಿಗೆ ಬರುವಾಗ ಅಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು, ನಾನು ಇನ್ನೊಂದು ಗೋಡೆಯ ಕಡೆ. ಮನೆಯಲ್ಲಿ ಇದ್ದದ್ದೇ ಎರಡು ಕೋಣೆಯಾದ್ದರಿಂದ ಅಣ್ಣ ಅತ್ತಿಗೆ ಮಧ್ಯದಲ್ಲಿ ತರಕಾರಿ ಚೀಲ ಹಿಡಿದು ನಿಂತುಕೊಂಡರು. ಯಾರು ಜೊತೆಗೆ ಹೋಗುವುದೆಂದು ಅವತ್ತು ತೀರ್ಮಾನವಾಗಲಿಲ್ಲ.

ಅವಳು ನಿಜವಾಗಿ ಎರಡು ಸಲ ಕೈ ಎಳೆದಿದ್ದಳೇ, ನನಗೆ ಗೊತ್ತಿಲ್ಲ. ಐದು ತಿಂಗಳು ಆ ಮಣಿಕಟ್ಟನ್ನೇ ನೆನೆದುಕೊಂಡಿದ್ದ ನನಗೆ ಆ ಎಳೆತ ನೆನಪಿರಲಿಲ್ಲ. ಈಗಲೂ ಒಮ್ಮೊಮ್ಮೆ ಎಲ್ಲವನ್ನೂ ಮೊದಲಿನಿಂದ ನಡೆಸಿ ನೋಡುತ್ತೇನೆ: ಲಾಂಚು ಹೋಗುತ್ತದೆ, ಪಾದದಡಿ ಗರ್‍ರೆನ್ನುತ್ತದೆ, ಅವನು ಕೂಗುತ್ತಾನೆ, ನಾನು ಬಿಡುತ್ತೇನೆ. ಎಳೆತ ಎಲ್ಲೂ ಸಿಗುವುದಿಲ್ಲ. ಆದರೆ ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸು ಭರಣಿಯನ್ನು ಅಷ್ಟು ಕೋಪದಿಂದ ಸಮರ್ಥಿಸುತ್ತಿರಲಿಲ್ಲ. ಅವಳ ಎರಡು ಕೈಯಲ್ಲಿ ಎರಡು ವಸ್ತು ಇದ್ದವು, ಅವಳು ಒಂದನ್ನು ಬಿಡಲು ನೋಡಿದಳು, ಅದು ನಾನು. ಈ ಅನ್ಯಾಯವನ್ನು ನೆನೆದು ಹಲ್ಲು ಕಡಿಯುತ್ತಾ ಮಲಗಿದೆ. ಎಷ್ಟು ಕಡಿದೆನೋ ತಿಳಿಯದು.

ಆ ಐದು ತಿಂಗಳು ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವಾಗ ಮನೆಯಲ್ಲಿ ಎದ್ದಿರುತ್ತಿದ್ದವಳು ನಾನೊಬ್ಬಳೇ. ನಾನೇ ಹಿಡಿಯುತ್ತಿದ್ದೆ. ಉಳಿದವರಿಗೆ ಡ್ರಮ್ಮು ತಾನಾಗಿ ತುಂಬಿಕೊಳ್ಳುತ್ತದೆಂಬ ಭಾವನೆ ಬಂದುಬಿಟ್ಟಿತ್ತು. ಜಗಳದ ಮರುದಿನ, ಸೋಮವಾರ, ನೀರು ಬಂತು, ಅರ್ಧ ಗಂಟೆ ಮೋರಿಗೆ ಸುರಿಯಿತು, ಹೋಯಿತು. ನನಗೆ ಎಚ್ಚರವಾಗುವಾಗ ಬಿಸಿಲು ಗೋಡೆ ಹತ್ತಿತ್ತು. ಅಣ್ಣ ಮುಖಕ್ಕೆ ಸೋಪು ಹಚ್ಚಿಕೊಂಡು ಖಾಲಿ ಡ್ರಮ್ಮಿನ ಎದುರು ನಿಂತಿದ್ದ. ಅತ್ತಿಗೆ ಯಾರಿಗೂ ಸ್ನಾನವಿಲ್ಲವೆಂದು ಗೊಣಗುತ್ತಿದ್ದಳು. ಅಮ್ಮ ಇನ್ನೂ ಮುನಿಸಿನಲ್ಲೇ ಇದ್ದಳು, ಆದರೂ ಅತ್ತಿಗೆಗೆ, “ಸಣ್ಣಕ್ಕೆ ಮಾತಾಡೇ, ಅವ್ಳ್ ಮಲ್ಕಂಡಿದಾಳೆ,” ಎನ್ನುವುದು ಕೇಳಿಸಿತು. ನಾನು ಮಗ್ಗುಲು ಬದಲಿಸಿ ಇನ್ನೂ ಸ್ವಲ್ಪ ಹೊತ್ತು ಮಲಗಿದೆ.